ಹಳೆ ಕಾರು ಕೈಕೊಟ್ಟಾಗ: ಪಾರ್ಟು ಬದಲಿಸುವ ಮುಂಚೆ ಏನೇನು ನೋಡಬೇಕು

ಡಿಸೆಂಬರ್ ತಿಂಗಳ ಬೆಳಿಗ್ಗೆ. ಸಕಲೇಶಪುರದ ಮಂಜು ಇನ್ನೂ ಕರಗಿರಲಿಲ್ಲ. ಕೀ ತಿರುಗಿಸಿದೆ. ಬೋನೆಟ್ ಒಳಗಿಂದ 'ಟಿಕ್' ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದೆ, ಇನ್ನೊಂದು 'ಟಿಕ್'. ಪಕ್ಕದ ಮನೆಯವರು ಬಂದು ತಳ್ಳಿದರು, ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟೆ, ಸ್ಟಾರ್ಟ್ ಆಯಿತು. ಗ್ಯಾರೇಜಿಗೆ ಹೋದರೆ ಅಲ್ಲಿನ ಹುಡುಗ ಬೋನೆಟ್ ಎತ್ತುವ ಮೊದಲೇ, "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಸಿ" ಅಂದ. ಹಾಕಿಸಿದೆ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ 'ಟಿಕ್'. ಈ ಸಲ "ಡೈನಮೋ ಸರಿಯಾಗಿ ಚಾರ್ಜ್ ಮಾಡ್ತಿಲ್ಲ" ಎಂದು ಆಲ್ಟರ್ನೇಟರ್ (ಅವರು ಡೈನಮೋ ಎಂದದ್ದು ಇದನ್ನೇ, ಬ್ಯಾಟರಿ ಚಾರ್ಜ್ ಮಾಡುವುದು) ಬಿಚ್ಚಿ ಹೊಸ ಬ್ರಷ್ ಹಾಕಿದರು. ಹದಿನೈದು ದಿನ ಬಂತು. ಮತ್ತೆ 'ಟಿಕ್'. ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಬಿಚ್ಚಿದರು. ಅಷ್ಟೊತ್ತಿಗೆ ಒಂಬತ್ತು ಸಾವಿರ ಕೈಬಿಟ್ಟಿತ್ತು. ಕೊನೆಗೆ ಲಾರಿಗಳಿಗೆ ವೈರಿಂಗ್ ಮಾಡುವ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಏನನ್ನೂ ಬಿಚ್ಚಲಿಲ್ಲ. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿದರು, ಇನ್ನೊಂದನ್ನು ಎಂಜಿನ್ ಮೇಲಿನ ಕಬ್ಬಿಣದ ಕೊಂಡಿಗೆ ಕಚ್ಚಿಸಿದರು. "ಈಗ ಹೊಡೀರಿ ಸೆಲ್ಫು" ಅಂದರು. ಗರ್ರ್ ಎಂದು ತಿರುಗಿತು! ಗೇರ್‌ಬಾಕ್ಸಿನಿಂದ ಬಾಡಿಗೆ ಬರುವ ಅರ್ಥಿಂಗ್ ಪಟ್ಟಿ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಹಸಿರುಗಟ್ಟಿ, ನಾಲ್ಕೈದು ಎಳೆಗಳ ಮೇಲೆ ನೇತಾಡುತ್ತಿತ್ತು. ಹೊಸದಕ್ಕೆ 180 ರೂಪಾಯಿ.

ಆ ಒಂಬತ್ತು ಸಾವಿರದ ಹೊಟ್ಟೆಯುರಿಯಿಂದಲೇ ನಾನು ಮಲ್ಟಿಮೀಟರ್ ಕೊಂಡಿದ್ದು, ಈಗ ಇದನ್ನು ಬರೆಯುತ್ತಿರುವುದೂ ಅದಕ್ಕೇ. ನಮ್ಮದು 2007ರ ಪೆಟ್ರೋಲ್ ಕಾರು, ಓಡಿದ್ದು 1.8 ಲಕ್ಷ ಕಿಲೋಮೀಟರ್. 2022ಕ್ಕೆ ಹದಿನೈದು ವರ್ಷ ತುಂಬಿತು, ತಪಾಸಣೆ ಮಾಡಿಸಿ ಇನ್ನೈದು ವರ್ಷಕ್ಕೆ ರಿಜಿಸ್ಟ್ರೇಷನ್ ಮುಂದುವರಿಸಿಕೊಂಡೆವು. ಈ ವಯಸ್ಸಿನ ಕಾರಿನಲ್ಲಿ ನಾನು ಕಂಡದ್ದು ಒಂದೇ. ತಪ್ಪು ದುಬಾರಿ ಪಾರ್ಟಿನದ್ದು ಅನ್ನಿಸುತ್ತದೆ, ಬಹಳ ಸಲ ಕೆಟ್ಟಿರುವುದು ಅದರ ಪಕ್ಕದ ಅಗ್ಗದ ವೈರು, ಮುಚ್ಚಳ, ಪೈಪು ಅಥವಾ ರಿಲೇ (ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಣ್ಣ ಸ್ವಿಚ್ಚು). ಹಾಗಾಗಿ ಮೊದಲು ಅಳೆದು ನೋಡಿ, ಬಿಚ್ಚುವುದು ಆಮೇಲೆ.

ಸಾಮಾನು ಜಾಸ್ತಿ ಬೇಡ. 500 ರೂಪಾಯಿಯೊಳಗಿನ ಮಲ್ಟಿಮೀಟರ್, ಒಂದು ಜೊತೆ ಜಂಪರ್ ಕೇಬಲ್, ಟಾರ್ಚು, 10 ಮತ್ತು 12 ನಂಬರ್ ಸ್ಪ್ಯಾನರ್. 10 ನಂಬರಿನದು ಎರಡು ಇಟ್ಟುಕೊಳ್ಳಿ. ಒಂದು ಬೋನೆಟ್ ಒಳಗೆ ಬಿದ್ದು ಮಾಯವಾಗುವುದು ಗ್ಯಾರಂಟಿ.

ಸೆಲ್ಫ್ ಎತ್ತುತ್ತಿಲ್ಲ

ಮೊದಲು ಕಿವಿ, ಕಣ್ಣು. ಹೆಡ್‌ಲೈಟ್ ಹಾಕಿ, ಒಬ್ಬರನ್ನು ಮುಂದೆ ನಿಲ್ಲಿಸಿ ಸೆಲ್ಫ್ ಹೊಡೆಯಿರಿ.

ಲೈಟು ಪೂರಾ ಮಂಕಾಗಿ, ಒಳಗೆ 'ಟಕಟಕಟಕ' ಎಂದು ಬೇಗ ಬೇಗ ಬಡಿದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಬ್ಯಾಟರಿಯ ತಲೆ ಮೇಲಿನ ಟರ್ಮಿನಲ್ ಸಡಿಲ. ಲೈಟು ಮಂಕಾಗದೆ ಒಂದೇ 'ಟಿಕ್' ಎಂದು ಸುಮ್ಮನಾದರೆ ಸೆಲ್ಫ್ ಮೋಟರಿಗೆ ಬೇಕಾದಷ್ಟು ಕರೆಂಟು ತಲುಪುತ್ತಿಲ್ಲ. ದಾರಿಯಲ್ಲೆಲ್ಲೋ ಅಡ್ಡಿ ಇದೆ, ಅಥವಾ ಸೆಲ್ಫ್‌ನ ಸೊಲೆನಾಯ್ಡ್ (ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚು) ಒಳಗಿನ ತಾಮ್ರದ ಬಿಲ್ಲೆಗಳು ಸುಟ್ಟಿವೆ. 'ಟಿಕ್' ಸದ್ದೂ ಇಲ್ಲದಿದ್ದರೆ ಕೀ ಸ್ವಿಚ್, ರಿಲೇ, ಫ್ಯೂಸ್, ಸೊಲೆನಾಯ್ಡಿಗೆ ಬರುವ ಸಣ್ಣ ವೈರು ನೋಡಿ. ಕೆಲವು ಕಾರುಗಳಲ್ಲಿ ಕ್ಲಚ್ ಒತ್ತದಿದ್ದರೆ ಸೆಲ್ಫ್ ಹೊಡೆಯುವುದೇ ಇಲ್ಲ. ಅಂಥದ್ದಾದರೆ ಪೆಡಲ್ ಮೇಲಿನ ಸ್ವಿಚ್ಚನ್ನೂ ನೋಡಿ.

ನನ್ನ ಕಾರಿನ ಲೈಟು ಮೊದಲ ದಿನವೂ ಮಂಕಾಗಿರಲಿಲ್ಲ. ಬ್ಯಾಟರಿ ಗಟ್ಟಿಯಾಗಿದೆ ಎಂದು ಅದು ಅವತ್ತೇ ಹೇಳುತ್ತಿತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ.

ಈಗ ಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ. 12.2 ಎಂದರೆ ಹೆಚ್ಚುಕಮ್ಮಿ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಉಳಿದ ಮಾತು. ಇಳಿದ ಬ್ಯಾಟರಿ ಇಟ್ಟುಕೊಂಡು ಬೇರೆ ಏನನ್ನು ಪರೀಕ್ಷಿಸಿದರೂ ತಪ್ಪು ಉತ್ತರವೇ ಬರುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಇಳಿಯುವುದು ಸಹಜ, ಆದರೆ 9.6ಕ್ಕಿಂತ ಕೆಳಗೆ ಹೋಗಬಾರದು. ತುಂಬಿದ ಬ್ಯಾಟರಿಯೂ ಹಾಗೆ ಕುಸಿದರೆ ಅದರ ಕಾಲ ಮುಗಿಯಿತು ಎಂದುಕೊಳ್ಳಬಹುದು. ಸ್ಟಾರ್ಟ್ ಆದ ಮೇಲೆ 13.8ರಿಂದ 14.4ರವರೆಗೆ ಬಂದರೆ ಆಲ್ಟರ್ನೇಟರ್ ಚೆನ್ನಾಗಿದೆ.

ಇಲ್ಲಿಯವರೆಗೆ ಎಲ್ಲ ಎಲೆಕ್ಟ್ರಿಷಿಯನ್ನರೂ ಮಾಡುತ್ತಾರೆ. ಮುಂದಿನದನ್ನು ಮಾಡುವವರು ಕಡಿಮೆ.

ಹೆಡ್‌ಲೈಟಿಗೆ ಹತ್ತು ಆಂಪಿಯರ್ ಆಸುಪಾಸು ಸಾಕು. ಸೆಲ್ಫ್ ಮೋಟರಿಗೆ ನೂರಕ್ಕೂ ಜಾಸ್ತಿ ಬೇಕು. ನಾಲ್ಕು ಎಳೆ ಉಳಿದ ವೈರಿನಲ್ಲಿ ಲೈಟು ಝಗಮಗ ಉರಿಯುತ್ತದೆ, ಸೆಲ್ಫ್ ಮಾತ್ರ ಅಲುಗುವುದಿಲ್ಲ. ತೋಟದ ಪೈಪಿನ ಮೇಲೆ ಯಾರೋ ಕಾಲಿಟ್ಟ ಹಾಗೆ. ಕುಡಿಯಲು ನೀರು ಬರುತ್ತದೆ, ಸ್ಪ್ರಿಂಕ್ಲರ್ ಜೆಟ್ ತಿರುಗುವುದಿಲ್ಲ. ಆ ಕಾಲು ಎಲ್ಲಿದೆ ಎಂದು ಹುಡುಕುವುದು ಹೀಗೆ:

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಸ್ಟಾರ್ಟ್ ಆಗದಿರಲಿ ಎಂದು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ. ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ ಹಿಡಿಯಿರಿ. ಟರ್ಮಿನಲ್ ಕ್ಲಿಪ್ಪಿಗಲ್ಲ, ಒಳಗಿನ ಸೀಸದ ಕಂಬಕ್ಕೆ. ಕೆಂಪು ಕಡ್ಡಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ. ಇನ್ನೊಬ್ಬರು ಮೂರು ಸೆಕೆಂಡ್ ಸೆಲ್ಫ್ ಹೊಡೆಯಲಿ. ಮೀಟರ್ 0.2 ವೋಲ್ಟಿನೊಳಗೆ ತೋರಿಸಿದರೆ ಅರ್ಥಿಂಗ್ ಸರಿ ಇದೆ. 0.5 ದಾಟಿದರೆ ಆ ದಾರಿಯಲ್ಲೇ ಕಳ್ಳ ಇದ್ದಾನೆ. ನನ್ನ ಹಳೆ ಪಟ್ಟಿಯನ್ನು ಮತ್ತೆ ಸಿಕ್ಕಿಸಿ ಕುತೂಹಲಕ್ಕೆ ಅಳೆದೆ. 2.3 ವೋಲ್ಟ್! ಬ್ಯಾಟರಿ ಕೊಟ್ಟದ್ದರಲ್ಲಿ ಅಷ್ಟನ್ನು ಆ ಹಸಿರು ಪಟ್ಟಿಯೇ ತಿನ್ನುತ್ತಿತ್ತು.

ಪಾಸಿಟಿವ್ ಕಡೆಗೂ ಹೀಗೇ ಮಾಡಿ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ವೈರಿನ ಬೋಲ್ಟಿಗೆ. ಅಲ್ಲಿ 0.5ರವರೆಗೂ ನಡೆಯುತ್ತದೆ. ಎರಡೂ ಕಡೆ ಸರಿಯಿದ್ದು, ಬ್ಯಾಟರಿಯೂ ತುಂಬಿದ್ದು, ಆದರೂ ತಿರುಗದಿದ್ದರೆ ಆಗ ಸೆಲ್ಫ್ ಬಿಚ್ಚಿಸಿ. ಅದಕ್ಕಿಂತ ಮುಂಚೆ ಬೇಡ.

ಗ್ಯಾರೇಜಿನವರು ಆಲ್ಟರ್ನೇಟರ್ ಮೇಲೆ ಅನುಮಾನಪಟ್ಟದ್ದೂ ಸುಮ್ನೆ ಅಲ್ಲ. ಆಲ್ಟರ್ನೇಟರಿನ ನೆಗೆಟಿವ್ ದಾರಿಯೂ ಎಂಜಿನ್ ಮೂಲಕವೇ ಹಾದು, ಅದೇ ಪಟ್ಟಿಯಲ್ಲಿ ಬ್ಯಾಟರಿಗೆ ಬರುತ್ತದೆ. ಬ್ಯಾಟರಿಯಲ್ಲಿ ಅಳೆದರೆ 13.1 ಬರುತ್ತಿತ್ತು. ಆಲ್ಟರ್ನೇಟರಿನ ಬೆನ್ನ ಮೇಲೇ ಅಳೆದಿದ್ದರೆ 14ರ ಮೇಲೆ ಸಿಗುತ್ತಿತ್ತು. ಮೀಟರ್ ಕಡ್ಡಿಯನ್ನು ಎಲ್ಲಿಡುತ್ತೀರಿ ಎನ್ನುವುದರ ಮೇಲೇ ಉತ್ತರ ನಿಂತಿದೆ.

ಇನ್ನೊಂದು ಸುಳಿವೂ ಇತ್ತು. ಅದು ನೆನಪಾದರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಇದೆಲ್ಲ ಶುರುವಾಗುವ ಎರಡು ತಿಂಗಳ ಮುಂಚೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿ, ಬದಲಿಸಿದ್ದೆ. ಹಳೆ ಕೇಬಲ್ಲಿನ ಒಳಗಿನ ಪ್ಲಾಸ್ಟಿಕ್ ಕರಗಿತ್ತು. ಅರ್ಥಿಂಗ್ ಪಟ್ಟಿ ಕೈಕೊಟ್ಟರೆ ಕರೆಂಟು ಸುಮ್ಮನೆ ಕೂರುವುದಿಲ್ಲ, ಎಂಜಿನ್ನಿಗೂ ಬಾಡಿಗೂ ನಡುವೆ ಸಿಕ್ಕ ಯಾವ ಲೋಹದಲ್ಲಾದರೂ ಹರಿಯುತ್ತದೆ. ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಗೇರ್ ಕೇಬಲ್ ಹೀಗೆ. ಸೆಲ್ಫ್ ಹೊಡೆದ ಮೇಲೆ ಈ ಕೇಬಲ್‌ಗಳು ಮುಟ್ಟಿದರೆ ಬಿಸಿಯಾಗಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಟರ್ಮಿನಲ್ ಮೇಲಿನ ಬಿಳಿ, ನೀಲಿ ಪುಡಿಗೆ ಬಿಸಿನೀರಿನಲ್ಲಿ ಕರಗಿಸಿದ ಅಡುಗೆ ಸೋಡಾ ಸಾಕು. ಬುರುಬುರು ನೊರೆ ಬಂದು ಹೋಗುತ್ತದೆ. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಖಾಲಿ

ಬ್ಯಾಟರಿ ಚೆನ್ನಾಗಿದೆ, ಚಾರ್ಜೂ ಆಗುತ್ತಿದೆ, ಆದರೂ ಎರಡು ದಿನ ನಿಲ್ಲಿಸಿದರೆ ಸತ್ತಿರುತ್ತದೆ. ಹಾಗಾದರೆ ನಿಂತ ಕಾರಿನಲ್ಲಿ ಯಾವುದೋ ಒಂದು ಕರೆಂಟು ಎಳೆಯುತ್ತಿದೆ.

ಮೀಟರನ್ನು 10 ಆಂಪಿಯರಿಗೆ ಹಾಕಿ, ಕೆಂಪು ಕಡ್ಡಿಯ ಪಿನ್ನನ್ನೂ 10 ಆಂಪಿಯರ್ ತೂತಿಗೆ ಬದಲಿಸಿ. ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕಂಬಕ್ಕೂ ವೈರಿಗೂ ನಡುವೆ ಮೀಟರ್ ಇಡಿ. ಬಾಗಿಲು ಹಾಕಿ, ಕೀ ತೆಗೆದು ಅರ್ಧ ಗಂಟೆ ಬಿಡಿ. 50 ಮಿಲಿಆಂಪಿಯರ್, ಅಂದರೆ 0.05ರ ಒಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ದಡಕ್ಕನೆ ಇಳಿಯುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಮೀಟರ್ ಹೀಗೆ ಸಿಕ್ಕಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಮೀಟರೇ ಹೋಗುತ್ತದೆ.

ಹಳೆ ಕಾರುಗಳಲ್ಲಿ ಮೊದಲ ಅನುಮಾನ ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಸೆಂಟ್ರಲ್ ಲಾಕ್ ಮೇಲೆ ಇರಲಿ. ಡಿಕ್ಕಿಯ ಒಳಗಿನ ಬಲ್ಬು ಉರಿಯುತ್ತಲೇ ಇರುವುದೂ ಉಂಟು. ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯೊಳಗೆ ಇಟ್ಟು ಬಾಗಿಲು ಹಾಕಿ. ನಿಜ ಗೊತ್ತಾಗುತ್ತದೆ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತಿಕೊಳ್ಳುವುದಿಲ್ಲ

ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ 'ಗುಂಯ್' ಎಂಬ ಸದ್ದು ಬರಬೇಕು. ಅದು ಟ್ಯಾಂಕಿನೊಳಗಿನ ಪಂಪು. ಸದ್ದಿಲ್ಲದಿದ್ದರೆ ಫ್ಯೂಸ್ ನೋಡಿ, ಆಮೇಲೆ ರಿಲೇ. ಎಷ್ಟೋ ಕಾರುಗಳಲ್ಲಿ ಹಾರ್ನಿನ ರಿಲೇಯೂ ಪಂಪಿನ ರಿಲೇಯೂ ಒಂದೇ ನಮೂನೆ. ಮೇಲಿನ ನಂಬರು ಒಂದೇ ಇದ್ದರೆ ಅದಲುಬದಲು ಮಾಡಿ ನೋಡಿ, ಕಾಸು ಖರ್ಚಿಲ್ಲದ ಪರೀಕ್ಷೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಕಾರು ಕೀಯನ್ನೇ ಗುರುತಿಸಿಲ್ಲ. ಎರಡನೇ ಕೀ ಹಾಕಿ ನೋಡಿ.

ಸೆಲ್ಫ್ ತಿರುಗುವ ಸದ್ದು ಎಂದಿಗಿಂತ ಹಗುರ, ಯಾವ ತಡೆಯೂ ಇಲ್ಲದೆ 'ಸುಂಯ್' ಎಂದು ತಿರುಗುತ್ತಿದೆಯೇ? ಅಲ್ಲೇ ನಿಲ್ಲಿಸಿ. ಎಂಜಿನ್ನಿನ ವಾಲ್ವುಗಳನ್ನು ಆಡಿಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಇನ್ನೂ ಸೆಲ್ಫ್ ಹೊಡೆದರೆ, ತಳ್ಳಿದರೆ, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುವ ಎಂಜಿನ್‌ಗಳಿವೆ. ಹಳೆ ಕಾರು ಕೊಳ್ಳುವವರು ಬೆಲ್ಟ್ ಯಾವಾಗ ಬದಲಾಗಿದೆ ಎಂದು ಮೊದಲು ಕೇಳಬೇಕು. ಬಿಲ್ಲು ಸಿಗದಿದ್ದರೆ ಬದಲಾಗಿಲ್ಲ ಎಂದೇ ಲೆಕ್ಕ.

ತಣ್ಣಗಿರುವಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ದಾರಿಯಲ್ಲಿ ಆಫ್ ಆಗಿ, ಅರ್ಧ ಗಂಟೆ ಬಿಟ್ಟರೆ ಏನೂ ಆಗದವರ ಹಾಗೆ ಹೊರಡುವ ಕಾರಾದರೆ ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಕಣ್ಣಿಡಿ. ನಿಂತ ಹೊತ್ತಿನಲ್ಲಿ ಒದ್ದೆ ಬಟ್ಟೆಯಿಂದ ಸೆನ್ಸರನ್ನು ತಂಪು ಮಾಡಿ. ಕೂಡಲೇ ಸ್ಟಾರ್ಟ್ ಆದರೆ ಅದೇ.

ಪೆಟ್ರೋಲ್ ವಾಸನೆ ಬಂದರೆ ಮಾತ್ರ ಬೇರೆ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಹದಿನೈದು ವರ್ಷದ ಹಿಂದಿನ ರಬ್ಬರ್ ಪೈಪು, ವಾಷರ್‌ಗಳನ್ನು ಅದಕ್ಕೆಂದು ಮಾಡಿದ್ದಲ್ಲ. ವರ್ಷಕ್ಕೊಮ್ಮೆ ಪೈಪುಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ.

ಟೆಂಪರೇಚರ್ ಮುಳ್ಳು ಮೇಲೇರಿದಾಗ

ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಬೋನೆಟ್ ಎತ್ತಿ ನಿಂತ ಕಾರುಗಳನ್ನು ಬೇಸಿಗೆಯಲ್ಲಿ ಎಷ್ಟೋ ನೋಡಿದ್ದೇನೆ. ಒಮ್ಮೆ ನಾನೂ ನಿಂತಿದ್ದೇನೆ. ಅಲ್ಲಿ ನಿಂತವರು ಸಾಮಾನ್ಯವಾಗಿ ಮಾಡುವ ತಪ್ಪು ಎರಡು: ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯುವುದು, ಕುದಿಯುವ ಎಂಜಿನ್ನಿಗೆ ತೊರೆಯ ತಣ್ಣೀರು ಸುರಿಯುವುದು. ಮೊದಲನೆಯದರಲ್ಲಿ ಮುಖ ಸುಡುತ್ತದೆ, ಎರಡನೆಯದರಲ್ಲಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿರಿಯುತ್ತದೆ.

ಮುಚ್ಚಳದ ವಿಷಯ ಗೊತ್ತಾಗಲು ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಬೆಂಗಳೂರು, ಸಕಲೇಶಪುರದಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನ ಒತ್ತಡದಲ್ಲಿ 120 ಡಿಗ್ರಿ ತನಕ ತಾಳುತ್ತದೆ. ರೇಡಿಯೇಟರ್ ಮುಚ್ಚಳ ಮಾಡುವುದೂ ಅದೇ ಕೆಲಸ. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುವುದು ಒತ್ತಡದ ಲೆಕ್ಕ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರ್ ವಿಷಲ್ ಹೊಡೆಯುವುದಿಲ್ಲ, ಅಲ್ವಾ? ಮುಚ್ಚಳದ ರಬ್ಬರ್ ಗಟ್ಟಿಯಾದರೆ ಇಲ್ಲೂ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಹೊರಗೆ ಹೋಗುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಮುಚ್ಚಳ. ಹೆಡ್ ಬಿಚ್ಚುವ ಮಾತು ಬಂದರೆ ಮೊದಲು ಇದನ್ನು ಬದಲಿಸಿ ನೋಡಿ. ಬದಲಿಸುವಾಗ ಹಳೆಯದರ ಮೇಲಿನ ಅಂಕಿಯನ್ನೇ ಕೇಳಿ ತನ್ನಿ.

ಮುಳ್ಳು ಯಾವಾಗ ಏರುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ಫ್ಯಾನ್ ತಿರುಗುತ್ತಿಲ್ಲ. ಓಡುವ ಕಾರಿಗೆ ಗಾಳಿ ತಾನಾಗಿ ಸಿಗುತ್ತದೆ, ನಿಂತದ್ದಕ್ಕೆ ಫ್ಯಾನೇ ಬೇಕು. ಎಸಿ ಹಾಕಿ ನೋಡಿ. ಬಹಳಷ್ಟು ಕಾರುಗಳಲ್ಲಿ ಎಸಿ ಹಾಕಿದರೆ ಫ್ಯಾನ್ ತಿರುಗಲೇಬೇಕು. ತಿರುಗಿದರೆ ಮೋಟರ್ ಚೆನ್ನಾಗಿದೆ, ಬಿಸಿ ತಿಳಿಸುವ ಸೆನ್ಸರ್ ಅಥವಾ ಅದರ ವೈರು ನೋಡಿ. ತಿರುಗದಿದ್ದರೆ ಫ್ಯೂಸ್, ರಿಲೇ, ಆಮೇಲೆ ಮೋಟರಿಗೆ ನೇರ ಬ್ಯಾಟರಿಯಿಂದ ವೈರು ಕೊಟ್ಟು ಪರೀಕ್ಷೆ.

ನಿಂತಾಗ ಸುಮ್ಮನಿದ್ದು, ಘಾಟಿ ಹತ್ತುವಾಗ ಅಥವಾ ಹೈವೇಯಲ್ಲಿ ಏರಿದರೆ ನೀರು ಬೇಕಾದಷ್ಟು ಹರಿಯುತ್ತಿಲ್ಲ. ರೇಡಿಯೇಟರ್ ಕಟ್ಟಿಕೊಂಡಿದೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ಕಾರುಗಳ ಕಥೆ ಇದು. ಸ್ನಾನದ ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಒಳಗಿನ ಸಣ್ಣ ನಾಳಗಳಲ್ಲಿ ಕೂತಿರುತ್ತದೆ. ರೇಡಿಯೇಟರಿನ ಮುಖವನ್ನು ಕೈಯಿಂದ ಸವರಿ (ಎಂಜಿನ್ ಆಫ್ ಮಾಡಿ, ಕೀ ತೆಗೆದು). ಒಂದು ಭಾಗ ಬಿಸಿ, ಒಂದು ಭಾಗ ತಣ್ಣಗಿದ್ದರೆ ತಣ್ಣಗಿರುವ ಕಡೆ ಕಟ್ಟಿದೆ.

ಸ್ಟಾರ್ಟ್ ಮಾಡಿದ ಹತ್ತು ನಿಮಿಷದಲ್ಲೇ ಏರಿ, ಮೇಲಿನ ಪೈಪು ಸುಡುತ್ತಿದ್ದು ಕೆಳಗಿನ ಪೈಪು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ. 82ರಿಂದ 88 ಡಿಗ್ರಿಗೆ ತೆರೆಯಬೇಕಾದ ಸಣ್ಣ ಕವಾಟ ಅದು. ಬಿಚ್ಚಿ, ದಾರ ಕಟ್ಟಿ ಕಾಯುವ ನೀರಿನಲ್ಲಿ ಇಳಿಬಿಟ್ಟರೆ ಬಾಯಿ ಬಿಡುತ್ತದೋ ಇಲ್ಲವೋ ಕಣ್ಣಾರೆ ನೋಡಬಹುದು. "ನಮ್ಮ ಹವಾಮಾನಕ್ಕೆ ಇದು ಬೇಡ ಸಾರ್" ಎಂದು ತೆಗೆದು ಬಿಸಾಕುವ ಮೇಸ್ತ್ರಿಗಳಿದ್ದಾರೆ. ಒಪ್ಪಬೇಡಿ. ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಎಂಜಿನ್ ಬೇಗ ಸವೆಯುತ್ತದೆ.

ಮುಳ್ಳು ಏರಿ ಇಳಿದು ಕುಣಿಯುತ್ತಿದ್ದರೆ, ಅಥವಾ ಮುಳ್ಳು ಮೇಲಿದ್ದೂ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬಂದರೆ ಒಳಗೆ ನೀರೇ ಇಲ್ಲ, ಗಾಳಿ ಸೇರಿದೆ. ಕಾರು ಪಕ್ಕಕ್ಕೆ ಹಾಕಿ, ಆಫ್ ಮಾಡಿ. ನೀರು ಇದ್ದು ಮುಳ್ಳು ಸ್ವಲ್ಪವೇ ಏರುತ್ತಿದ್ದರೆ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ನೀವು ಬೆವರುತ್ತೀರಿ, ಎಂಜಿನ್ ಉಳಿಯುತ್ತದೆ. ಅವತ್ತು ನಾನು ಘಾಟಿಯ ಮೇಲಿನ ಮಾರನಹಳ್ಳಿ ಮುಟ್ಟಿದ್ದು ಹೀಗೇ.

ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಕೆಳಗಿನ ಎಂಜಿನ್ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ ಎಂದು ಯಾರಾದರೂ ಹೇಳಿದರೆ ಸಾಕ್ಷಿ ಕೇಳಿ. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿರಬೇಕು. ಅಥವಾ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ಎಂಜಿನ್ ಇನ್ನೂ ತಣ್ಣಗಿರುವಾಗಲೇ, ಮೇಲಿನ ಪೈಪು ಕಲ್ಲಿನಂತೆ ಗಟ್ಟಿಯಾಗಬೇಕು. ಆಯಿಲ್ ಮುಚ್ಚಳದಡಿ ಕೆನೆ ಕಂಡಿತು ಎಂದು ಮಾತ್ರ ಹೆದರಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರುಗಳಲ್ಲಿ ಆವಿ ಸೇರಿ ಅಂಥ ಕೆನೆ ಕಟ್ಟುವುದು ಮಾಮೂಲು. ಡಿಪ್‌ಸ್ಟಿಕ್‌ನ ಆಯಿಲ್ ಶುದ್ಧವಾಗಿದ್ದು, ಕೂಲೆಂಟ್ (ರೇಡಿಯೇಟರಿನ ನೀರು) ಕಡಿಮೆಯಾಗದಿದ್ದರೆ ಒಂದು ದಿನ ಹಾಸನಕ್ಕೆ ಹೋಗಿ ಬನ್ನಿ, ಕೆನೆ ಹೋಗುತ್ತದೆ.

ಹೊಗೆಯ ಬಣ್ಣ

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಎಂದು ಬಂದು ನಿಂತರೆ, ಅಥವಾ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬಂದರೆ ವಾಲ್ವ್ ಸೀಲುಗಳು. ಎಳೆಯುವಾಗೆಲ್ಲ ಬರುತ್ತಿದ್ದರೆ ಪಿಸ್ಟನ್ ರಿಂಗು. ಮೊದಲನೆಯದಕ್ಕೆ ಖರ್ಚು ಕಡಿಮೆ, ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಮೊದಲು ನೋಡಿ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಚಳಿಗಾಲದ ಬೆಳಿಗ್ಗೆ ಐದು ನಿಮಿಷ ಬರುವ ಬಿಳಿ ಹೊಗೆ ಬರೀ ಆವಿ.

ಮಿಸ್ಸಿಂಗ್ ಹೊಡೆಯುತ್ತಿದೆ, ಪಿಕಪ್ ಇಲ್ಲ

ನಿಂತಲ್ಲೇ ಎಂಜಿನ್ ನಡುಗುತ್ತಿದ್ದರೆ ಯಾವುದೋ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಪ್ಲಗ್ ವೈರುಗಳಿರುವ ಹಳೆ ಕಾರಾದರೆ ರಾತ್ರಿ ಲೈಟು ಆರಿಸಿ, ಬೋನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ಮಂಜಿನಂತೆ ನೀರು ಹಾಕಿ. ಕೈ ದೂರ ಇರಲಿ. ವೈರಿನ ಬಿರುಕಿನಲ್ಲಿ ನೀಲಿ ಕಿಡಿ ಕುಣಿದರೆ ಕಾರಣ ಸಿಕ್ಕಿತು. ಮಳೆ ಬಂದ ದಿನ ಮಾತ್ರ ಮಿಸ್ಸಿಂಗ್ ಹೊಡೆಯುವ ಕಾರುಗಳಿಗೆ ಬಹಳ ಸಲ ಇದೇ ಕಾಯಿಲೆ.

ಒಂದೊಂದು ಪ್ಲಗ್ಗಿಗೂ ಕಿಡಿ ಹುಟ್ಟಿಸುವ ಬೇರೆ ಕಾಯಿಲ್ ಇದ್ದರೆ ಅನುಮಾನದ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ. ಮಿಸ್ಸಿಂಗ್ ಕೂಡ ಅದರ ಜೊತೆ ಹೋದರೆ ಕಾಯಿಲ್ ಕೆಟ್ಟಿದೆ. ಇದ್ದಲ್ಲೇ ಇದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ನೋಡಬೇಕು. ಐಡಲ್ (ಕಾಲು ತೆಗೆದಾಗಿನ ಎಂಜಿನ್ ವೇಗ) ಏರಿಳಿದು, 'ಸ್ಸ್' ಎಂದು ಗಾಳಿ ಎಳೆಯುವ ಸದ್ದು ಬಂದರೆ ಎಲ್ಲೋ ವ್ಯಾಕ್ಯೂಮ್ ಪೈಪು ಬಿರಿದಿದೆ. ಅದರ ಮೇಲೆ ಕಾರ್ಬ್ ಕ್ಲೀನರ್ (ಬೇಗ ಹೊತ್ತಿಕೊಳ್ಳುವ ಸ್ಪ್ರೇ) ಹೊಡೆದು ಹುಡುಕುವ ರೂಢಿ ಇದೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ, ನನಗಂತೂ ಧೈರ್ಯವಿಲ್ಲ. ಪೈಪುಗಳನ್ನು ಒಂದೊಂದಾಗಿ ಬೆರಳಿಂದ ಅಮುಕಿ ನೋಡಿ, ಎಂಜಿನ್ ಸದ್ದು ಬದಲಾದ ಕಡೆ ತೂತಿದೆ.

ಎಂಜಿನ್ ದೀಪ ಹತ್ತಿದ್ದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡು ಓದುವ ಸ್ಕ್ಯಾನರ್ ಹಾಕಿ. 2013ರ ನಂತರದ ಕಾರಾದರೆ ಅಗ್ಗದ ಬ್ಲೂಟೂತ್ ಸ್ಕ್ಯಾನರೂ ಸಲೀಸಾಗಿ ಓದುತ್ತದೆ. ಅದಕ್ಕಿಂತ ಹಳೆಯವು ಕೆಲವು ಓದಿಸಿಕೊಳ್ಳುತ್ತವೆ, ಕೆಲವು ಇಲ್ಲ. ಪಿ0301 ಎಂದು ಬಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂಬ ದೂರು ಅಷ್ಟೇ. ತಪ್ಪು ಯಾರದ್ದೆಂದು ಅದು ಹೇಳುವುದಿಲ್ಲ. ಆಕ್ಸಿಜನ್ ಸೆನ್ಸರಿನ ಹೆಸರು ಕೋಡಿನಲ್ಲಿ ಬಂತು ಎಂದು ಸೆನ್ಸರ್ ಬದಲಿಸಿ, ಆಮೇಲೆ ಸೈಲೆನ್ಸರಿನ ತೂತು ಸಿಕ್ಕವರು ಬಹಳ ಮಂದಿ.

ಕೆಳಗಿನಿಂದ ಬರುವ ಸದ್ದು

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ 'ಕಟಕಟ' ಎಂದರೆ ಆಕ್ಸಲಿನ ಹೊರಗಿನ ಸಿವಿ ಜಾಯಿಂಟ್ (ತಿರುಗಿದ ಚಕ್ರಕ್ಕೂ ಶಕ್ತಿ ದಾಟಿಸುವ ಕೀಲು). ಅದರ ರಬ್ಬರ್ ಬೂಟು ಹರಿದು, ಗ್ರೀಸ್ ಹೊರಬಂದು, ಮಣ್ಣು ಒಳಹೋಗಿರುತ್ತದೆ. ಬೂಟು ಹರಿದಾಗಲೇ ನೋಡಿದ್ದರೆ ಕೆಲವು ನೂರರಲ್ಲಿ ಮುಗಿಯುತ್ತಿತ್ತು. ವೇಗ ಏರಿದಂತೆ 'ಗೊಂಯ್' ಜೋರಾಗಿ, ಎಡಕ್ಕೆ ತಿರುಗಿಸಿದಾಗ ಹೆಚ್ಚಾಗಿ ಬಲಕ್ಕೆ ತಿರುಗಿಸಿದಾಗ ಕಡಿಮೆಯಾದರೆ ಬಲಗಡೆಯ ವೀಲ್ ಬೇರಿಂಗ್. ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ. ಹಂಪಿನ ಮೇಲೆ ನಿಧಾನಕ್ಕೆ ಹೋದಾಗ 'ಲಟಕ್' ಎಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡು, ಲೋಯರ್ ಆರ್ಮ್ ಬುಷ್ ನೋಡಿ.

ಆದರೆ ಅದಕ್ಕೂ ಮುಂಚೆ ಡಿಕ್ಕಿ ಖಾಲಿ ಮಾಡಿ ಒಂದು ಸುತ್ತು ಹೋಗಿ ಬನ್ನಿ. ಹಿಂದಿನ ಸಸ್ಪೆನ್ಷನ್ ಬುಷ್ ಎರಡೂ ಬದಲಿಸಿದ ಮೇಲೂ ನಮ್ಮ ಕಾರಿನ 'ಲಟಲಟ' ನಿಂತಿರಲಿಲ್ಲ. ಸ್ಟೆಪ್ನಿ ಅಡಿಯಲ್ಲಿ ಜಾಕು ಸಡಿಲವಾಗಿತ್ತು.

ಬ್ರೇಕು

ಇದರಲ್ಲಿ ಪ್ರಯೋಗ ಬೇಡ. 'ಕೀಂಯ್' ಎಂದರೆ ಪ್ಯಾಡು ಸವೆದಿರಬಹುದು, 'ಗರಗರ' ಎಂದರೆ ಲೋಹ ಲೋಹಕ್ಕೆ ಉಜ್ಜುತ್ತಿದೆ, ಅವತ್ತೇ ನಿಲ್ಲಿಸಿ. ಕಾಲಿಟ್ಟ ಪೆಡಲ್ ಒಂದೇ ಸಮನೆ ನಿಧಾನಕ್ಕೆ ಕೆಳಗಿಳಿದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿಗೆ ದಾಟಿಸುವ ಪಂಪು). ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಾಳಬೇಕು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಕಾಲು ತೆಗೆಯದೆ ಬ್ರೇಕ್ ಒತ್ತಿದರೆ ಆಯಿಲ್ ಒಳಗೇ ಕುದಿದು, ಪೆಡಲ್ ನೆಲ ಮುಟ್ಟುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಜಾರಿನಲ್ಲಿ ಸೆಕೆಂಡ್ ಗೇರಲ್ಲಿ ಇಳಿಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ, ಅದನ್ನೂ ಓದಿ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಇಲಿ, ಎಲೆ, ತುಕ್ಕು

ಅಡಿಕೆ ಗೋದಾಮಿನ ಪಕ್ಕ ಕಾರು ನಿಲ್ಲಿಸುವವರಿಗೆ ಇಲಿಯ ವಿಷಯ ಹೇಳಬೇಕಿಲ್ಲ. ಇದ್ದಕ್ಕಿದ್ದಂತೆ ಎರಡು ಮೂರು ದೀಪ ಒಟ್ಟಿಗೆ ಹತ್ತಿಕೊಂಡರೆ ಮೊದಲು ವೈರು ಕಡಿದಿದೆಯೇ ನೋಡಿ, ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆಯಿರಿ. ನಮ್ಮದರಲ್ಲಿ ಒಮ್ಮೆ ಗೂಡೇ ಇತ್ತು.

ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದರೆ ಮಳೆನೀರು ಹೊರಹೋಗದೆ ಕ್ಯಾಬಿನ್ನಿಗೆ ಇಳಿಯುತ್ತದೆ. ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ಅಲ್ಲಿ ನೋಡಿ. ಬಾಗಿಲ ಕೆಳ ಅಂಚಿನ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಮಂಗಳೂರು, ಉಡುಪಿ ಕಡೆಯ ಕಾರು ಕೊಳ್ಳುವವರು ಜಾಕ್ ಇಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. 'ಠಣ್' ಎನ್ನದೆ 'ದಬ್' ಎಂದರೆ ಒಳಗೆಲ್ಲ ತುಕ್ಕು ತಿಂದು, ಮೇಲೆ ಬಣ್ಣ ಮಾತ್ರ ಇದೆ.

ಗ್ಯಾರೇಜಿನಲ್ಲಿ

ಪಾರ್ಟಿನ ಹೆಸರು ಹೇಳಿ "ಇದು ಬದಲಿಸಿ" ಎನ್ನಬೇಡಿ. ಅವರು ಬದಲಿಸಿ ಕೊಡುತ್ತಾರೆ, ಕಾಯಿಲೆ ಹಾಗೇ ಉಳಿದರೆ ತಪ್ಪು ನಿಮ್ಮದೇ ಆಗುತ್ತದೆ. ಏನಾಗುತ್ತಿದೆ ಎಂದಷ್ಟೇ ಹೇಳಿ: ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಯಾವ ಗೇರಿನಲ್ಲಿ, ಮಳೆಯಲ್ಲೋ ಬಿಸಿಲಲ್ಲೋ. ಮೀಟರಿನ ಅಂಕಿಗಳಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಸದ್ದಾದರೆ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ, ಹತ್ತು ನಿಮಿಷದ ಕೆಲಸ. ತೆಗೆದ ಹಳೆ ಪಾರ್ಟನ್ನು ಕೇಳಿ ಇಸಿದುಕೊಳ್ಳಿ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ನೀವೇ ಹೋಗಿ ಸ್ಪೇರ್ ತರುವುದಾದರೆ ಆ ಹಳೆಯದನ್ನು ಜೊತೆಗೆ ಒಯ್ಯಿರಿ, ಚಾಸಿ ನಂಬರಿನ ಫೋಟೊ ಮೊಬೈಲಿನಲ್ಲಿ ಇರಲಿ. ಒಂದೇ ಮಾಡೆಲ್ಲಿನಲ್ಲಿ ನಡುವರ್ಷಕ್ಕೆ ಪಾರ್ಟು ಬದಲಾಗಿರುವುದುಂಟು. ಎರಡನ್ನೂ ಕೌಂಟರ್ ಮೇಲೆ ಅಕ್ಕಪಕ್ಕ ಇಟ್ಟು, ತೂತು, ಹಲ್ಲು, ಉದ್ದ ಹೊಂದಿಸಿ ನೋಡಿಯೇ ದುಡ್ಡು ಕೊಡಿ. ಎಲೆಕ್ಟ್ರಿಕಲ್ ಸಾಮಾನನ್ನು ಒಮ್ಮೆ ಕೊಟ್ಟರೆ ಬಹಳಷ್ಟು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ.